ಗೂಗಲ್, ಡಕ್‌ಡಕ್‌ಗೋ, ಚಾಟ್‌ಬಾಟ್: ಯಾವಾಗ ಯಾವುದು?

ಅಡಿಕೆಗೆ ಕೊಳೆರೋಗ ಬಂದಿದೆ, ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆ ಬೇಕು ಅಂದುಕೊಳ್ಳಿ. ಎಲ್ಲಿ ಹುಡುಕುತ್ತೀರಿ?

ಕನ್ನಡದಲ್ಲಿ ಹುಡುಕುವುದಾದರೆ ನನ್ನ ಮೊದಲ ಆಯ್ಕೆ ಗೂಗಲ್. ಕನ್ನಡ ಪುಟಗಳು ಅಲ್ಲಿ ಜಾಸ್ತಿ ಸಿಗುತ್ತವೆ. ಆದರೆ ಪದ ಹೇಗೆ ಬರೆಯುತ್ತೀರಿ ಅನ್ನೋದು ಮುಖ್ಯ. ‘ಕೊಳೆರೋಗ’ ಅಂತ ಸೇರಿಸಿ ಬರೆದಾಗ ಸಿಗದ ಪುಟ, ‘ಕೊಳೆ ರೋಗ’ ಅಂತ ಬಿಡಿಸಿ ಬರೆದಾಗ ಸಿಗಬಹುದು. ‘ಅಡಿಕೆಗೆ’, ‘ಅಡಿಕೆಯ’ ಅಂತೆಲ್ಲ ಬೇಡ, ಸುಮ್ನೆ ‘ಅಡಿಕೆ’ ಅಂತ ಕೊಡಿ. ಇದ್ದ ಹಾಗೇ ಒಂದು ಸಾಲು ಬೇಕಿದ್ದರೆ ಮಾತ್ರ ಉದ್ಧರಣ ಚಿಹ್ನೆಯೊಳಗೆ ಹಾಕಿ. ಮೇಲೆ ಬರುವ ಜಾಹೀರಾತು ದಾಟಿ ಕೆಳಗೆ ಹೋಗಿ.

ಡಕ್‌ಡಕ್‌ಗೋ ಅನ್ನೋ ಹುಡುಕುತಾಣ 2008ರಿಂದ ಇದೆ. ಹುಡುಕುವವರ ಜಾಡು ಹಿಡಿಯುವುದಿಲ್ಲ ಅನ್ನೋದು ಅದರ ನೀತಿ. ಕಾಯಿಲೆ, ಸಾಲದ ವಿಷಯಕ್ಕೆ ನಾನು ಇದನ್ನೇ ತೆರೆಯುತ್ತೇನೆ. ಕನ್ನಡಕ್ಕೆ ಮಾತ್ರ ಅಷ್ಟು ಸಾಲದು.

ಚಾಟ್‌ಬಾಟ್‌ಗೆ, ಅಂದರೆ ಕೇಳಿದ್ದಕ್ಕೆ ತಾನೇ ಉತ್ತರ ಬರೆದುಕೊಡುವ ಎಐ ತಂತ್ರಾಂಶಕ್ಕೆ, ಮನೆಮಾತಿನಲ್ಲೇ ಕೇಳಬಹುದು, ಅದೇ ದೊಡ್ಡ ಅನುಕೂಲ. ಉದ್ದದ ಇಂಗ್ಲಿಷ್ ಲೇಖನವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ. ಆದರೆ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಶೇ. 1ರ ಬೋರ್ಡೋಗೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಇದರಲ್ಲಿ ಒಂದು ಅಂಕಿ ಹೆಚ್ಚುಕಡಿಮೆ ಆದರೂ ಪೆಟ್ಟು ಬೀಳೋದು ಗೊನೆಗೆ, ಅಲ್ವಾ? ಹಾಗಾಗಿ ಅಳತೆಯ ವಿಷಯ ಬಂದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಪುಟವನ್ನೋ, ತೋಟಗಾರಿಕೆ ಇಲಾಖೆಯ ಪುಟವನ್ನೋ ತೆರೆದು ತಾಳೆ ನೋಡಿ, ಆಮೇಲೆ ಡ್ರಮ್ಮಿಗೆ ಕೈಹಾಕಿ.