ಕಟ್ಟಡ ಪರವಾನಗಿ: ಏಜೆಂಟಾ, ಎಂಜಿನಿಯರಾ?

ನನ್ನ ಮನೆ ಬೆಳಗಾವಿಯ ಅನಗೋಳದಲ್ಲಿ, ತಂಗಿಯದು ವಡಗಾವಿಯಲ್ಲಿ. ನನ್ನ ಪರವಾನಗಿ ಏಜೆಂಟ್ ಕೈಲಿ ಆಯ್ತು, ಅವಳದು ಎಂಜಿನಿಯರ್ ಕೈಲಿ. ನಾನು ಮೊದಲು ಕೆಟ್ಟಿದ್ದಕ್ಕೇ ಅವಳು ಬಚಾವಾದಳು ಅನ್ನಿ.

ಏಜೆಂಟ್ 40 ಸಾವಿರ ಕೇಳಿದ. ನಕ್ಷೆ, ಓಡಾಟ ಎಲ್ಲಾ ಅವನದೇ. "ಚಿಂತಿ ಮಾಡಬ್ಯಾಡ್ರೀ, ನಿಮ್ಮ ಫೈಲ್ ಅಂದ್ರ ನನ್ನ ಫೈಲ್" ಅಂದ. ಸೈಟಿಗೆ ಮಾತ್ರ ಒಮ್ಮೆಯೂ ಬರಲಿಲ್ಲ. "ಮೂವತ್ತು-ನಲವತ್ತ ಅಲ್ಲೇನ್ರೀ?" ಅಂತ ಫೋನಿನಲ್ಲೇ ಕೇಳಿದ. ನಾನೂ ಹೌದು ಅಂದುಬಿಟ್ಟೆ.

ಎಡವಟ್ಟಾಗಿದ್ದೇ ಅಲ್ಲಿ. ಸಿಟಿ ಸರ್ವೆ ಉತಾರದಲ್ಲಿ, ಅಂದರೆ ಜಾಗದ ಸರ್ಕಾರಿ ದಾಖಲೆಯಲ್ಲಿ, ಲೆಕ್ಕ ಚದರ ಮೀಟರಿನಲ್ಲಿರುತ್ತೆ. 30-40 ಅಡಿ ಅಂದರೆ 111.48 ಆಗಬೇಕು. ನನ್ನ ಉತಾರದಲ್ಲಿ ಇದ್ದದ್ದು 108.70. ಅಂದರೆ ಅಗಲ 29 ಅಡಿ 3 ಇಂಚು. ಉಳಿದ 9 ಇಂಚು ಎಲ್ಲಿ ಹೋಯಿತು? ಪಕ್ಕದವರ ಕಂಪೌಂಡ್ ಗೋಡೆ! ಅದನ್ನು ನಮ್ಮದೇ ಅಂತ ಅಪ್ಪನ ಕಾಲದಿಂದ ಎಣಿಸುತ್ತಾ ಬಂದಿದ್ದೆವು. ಉದ್ಯಮಬಾಗದ ಕಾರ್ಖಾನೆಯಲ್ಲಿ ದಿನಾ ಮೈಕ್ರಾನ್ ಅಳೆಯುವವನು ನಾನು. ಸ್ವಂತ ಸೈಟಿನ 9 ಇಂಚು ಗೊತ್ತಾಗಲಿಲ್ಲ.

ನಕ್ಷೆಗೂ ಉತಾರಕ್ಕೂ ತಾಳೆಯಾಗದೆ ಫೈಲ್ ವಾಪಸ್ ಬಂತು. ಬಂದದ್ದು ನನಗೆ ತಿಳಿದಿದ್ದು ಮೂರು ವಾರದ ಮೇಲೆ. ಯಾಕೆ ಅಂದರೆ ಆನ್‌ಲೈನಿನಲ್ಲಿ ಅರ್ಜಿ ಹೋಗುವುದೇ ನೋಂದಾಯಿತ ಎಂಜಿನಿಯರ್ ಲಾಗಿನ್ನಿಂದ, ಆಕ್ಷೇಪಣೆ ಬಂದು ಕೂರುವುದೂ ಅಲ್ಲೇ. ನಮ್ಮ ಏಜೆಂಟ್ ಎಂಜಿನಿಯರೇ ಅಲ್ಲ! ಯಾರದೋ ಲಾಗಿನ್ ಬಳಸಿದ್ದ. ಅವರು ಇವನಿಗೆ ಹೇಳಿಲ್ಲ, ಇವನು ನನಗೆ ಹೇಳಿಲ್ಲ. ಅಷ್ಟರಲ್ಲಿ ಅವನ ಮಾತು ನಂಬಿ ಸುಣ್ಣ ಹಾಕಿಸಿ ಪಾಯದ ಗುಂಡಿ ತೋಡಿಸಿದ್ದೆ. ಮೂರು ಗುಂಡಿ ಮುಚ್ಚಿಸಿ ಮತ್ತೆ ತೋಡಿಸಬೇಕಾಯ್ತು. ಜೆಸಿಬಿ ಬಾಡಿಗೆ ಎರಡೆರಡು ಸಲ. ಹೊಸ ನಕ್ಷೆಯಲ್ಲಿ ಬಚ್ಚಲು ಎಷ್ಟು ಸಣ್ಣದಾಯಿತು ಅಂದರೆ, ಬಕೆಟ್ ಇಟ್ಟರೆ ಬಾಗಿಲು ಪೂರ್ತಿ ತೆರೆಯಲ್ಲ. ಇವತ್ತಿಗೂ.

ತಂಗಿಯ ಎಂಜಿನಿಯರ್ ಸಾಹೇಬರು ತಗೊಂಡಿದ್ದು 22 ಸಾವಿರ. ಮೊದಲ ದಿನವೇ ಟೇಪ್ ಹಿಡಿದು ಬಂದರು. ನಾಲ್ಕೂ ಬದಿ ಅಳೆದು, ಉತಾರದ ಜೊತೆ ತಾಳೆ ನೋಡಿ, ಆಮೇಲೆ ನಕ್ಷೆ ಬರೆದರು. ಲಾಗಿನ್ ಅವರದೇ. ಒಂದು ಸಣ್ಣ ಆಕ್ಷೇಪಣೆ ಬಂದಾಗ ಅದೇ ಸಂಜೆ ಫೋನ್ ಮಾಡಿದರು. ಓಡಾಟ ಮಾತ್ರ ನಮ್ಮದು. ಕಾಗದ ಹೊಂದಿಸುವುದು, ಚಲನ್ ಕಟ್ಟುವುದು ಎಲ್ಲಾ ನಾನೇ ಮಾಡಿದೆ.

ಪಾಲಿಕೆಯ ಶುಲ್ಕ, ಆಗ ಮನೆ ಖರ್ಚು 10 ಲಕ್ಷ ದಾಟಿದರೆ ಕಟ್ಟಬೇಕಿದ್ದ ಶೇ. 1ರ ಕಾರ್ಮಿಕ ಸೆಸ್, ಇವು ಯಾರ ಕೈಲಿ ಮಾಡಿಸಿದರೂ ಅಷ್ಟೇ.

ಕೊನೆಯ ತಪಾಸಣೆಯಲ್ಲೂ ಸಾಹೇಬರೇ ಮೇಲು. ತಂಗಿ ನಡುವೆ ಬಾಲ್ಕನಿ ಒಂದಡಿ ಮುಂದೆ ತರೋಣ ಅಂದಳು. "ಬ್ಯಾಡ್ರೀ ಅಕ್ಕಾರ, ನಕ್ಷೆ ಮೀರಿದ್ರ ನಾಳೆ ಕರೆಂಟ್ ಮೀಟರಿಗೆ ತ್ರಾಸಾಗ್ತದ" ಅಂದರು. ಸರಿಯಾಗೇ ಹೇಳಿದ್ದರು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು ಅಂದಿತಲ್ವಾ? ತಂಗಿಯ ಮನೆಯ ಮೀಟರಿಗೂ ಅದೇ ಕಾಗದ ಕೇಳಿದರು. ತೋರಿಸಲು ಇತ್ತು.

ನನಗೆ ಸೆಕೆಂಡ್ ಶಿಫ್ಟ್ ಜಾಸ್ತಿ, ಬೆಳಗ್ಗೆ ಖಾಲಿ ಇರುತ್ತೇನೆ. ಹಾಗಾಗಿ 18 ಸಾವಿರ ಉಳಿಸಿ ನಾಲ್ಕು ಸಲ ಸುಭಾಷನಗರದ ಪಾಲಿಕೆ ಕಚೇರಿಗೆ ಹೋಗಿಬರುವುದು ಭಾರ ಅನಿಸಲಿಲ್ಲ. ರಜೆ ಸಿಗದವರು ಏಜೆಂಟ್ ಹಿಡಿಯುವುದೇ ಆದರೆ, ಮುಂಗಡ ಕೊಡುವ ಮೊದಲು ಎರಡೇ ಮಾತು ಕೇಳಿ: ಲಾಗಿನ್ ಯಾರದು, ಟೇಪ್ ತಗೊಂಡು ಯಾವಾಗ ಬರ್ತೀರಿ?