ರೊಕ್ಕ ಇಲ್ಲದ ಬ್ಯಾಟ್‌ಮನ್: ‘ಅಬ್ಸಲ್ಯೂಟ್ ಬ್ಯಾಟ್‌ಮನ್’ ಮೊದಲ ಸಂಚಿಕೆ, ವರ್ಷ ದಾಟಿದ ಮೇಲೆ

ಕೊಡಲಿಯಿಂದಲೇ ಶುರು ಮಾಡುತ್ತೇನೆ. ಉಳಿದದ್ದನ್ನು ನೀವು ಎಲ್ಲೋ ಓದಿರುತ್ತೀರಿ.

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರಾದ ಡಿಸಿ ಹೊರತಂದ ಈ ಚಿತ್ರಕಥೆಯ ಸಂಚಿಕೆಯಲ್ಲಿ ಬ್ಯಾಟ್‌ಮನ್ ಎದೆಯ ಮೇಲಿನ ಬಾವಲಿ ಲಾಂಛನ ಕಳಚಿ ಕೈಗೆ ಬಂದರೆ ಕೊಡಲಿ. ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪಿನಲ್ಲಿ ದುಡಿಯುವ ನನಗೆ ಆ ಪುಟ ದಾಟಿ ಮುಂದೆ ಹೋಗಲು ಭಾಳ ಹೊತ್ತು ಬೇಕಾಯಿತು. 40 ಸೆಂಟಿಮೀಟರ್ ಅಗಲ, 25 ಎತ್ತರ, 12 ಎಂಎಂ ದಪ್ಪದ ಉಕ್ಕಿನ ಪ್ಲೇಟ್ ಅಂತ ಹಿಡಿಯಿರಿ. ಬಾವಲಿ ಆಕಾರಕ್ಕೆ ಕತ್ತರಿಸಿದ ಮೇಲೂ ಐದು ಕಿಲೋ ಹತ್ತಿರ ಹತ್ತಿರ ಉಳಿಯುತ್ತದೆ. ಅದನ್ನು ಎದೆಗೆ ಕಟ್ಟಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಜಿಗಿಯಬೇಕು! ಲಾಕ್ ಯಾವುದು, ಪಿನ್ನೋ ಸ್ಪ್ರಿಂಗೋ? ಚಹಾದ ಹೊತ್ತಿನಲ್ಲಿ ಹಳೆ ಜಾಬ್ ಕಾರ್ಡಿನ ಹಿಂದೆ ನಾನೇ ಬಿಡಿಸಿ ನೋಡುತ್ತಿದ್ದೆ. ನಮ್ಮ ಹಿರಿಯ ಫಿಟ್ಟರ್ ಕಾಕಾ ಇಣುಕಿ, "ಒಂದ ಏಟಿಗೆ ಪಿನ್ ಮುರಿತೈತಿ ನೋಡ ತಮ್ಮಾ, ಇನ್ನೊಂದೀಟ ದಪ್ಪ ಹಾಕು" ಅಂದರು. ಯಾರ ಕೊಡಲಿ, ಯಾಕೆ ಅಂತ ಕೇಳಲೇ ಇಲ್ಲ.

ಈ ಪುಸ್ತಕ ನನ್ನನ್ನು ಹಿಡಿದದ್ದು ಅಲ್ಲೇ. ಬ್ಯಾಟ್‌ಮನ್ ಮುಖವಾಡದ ಹಿಂದಿರುವ ಬ್ರೂಸ್ ವೇಯ್ನ್ ಹಳೆ ಕಥೆಗಳಲ್ಲಿ ದೊಡ್ಡ ಶ್ರೀಮಂತ. ಇಲ್ಲಿ ಅವನ ಹತ್ತಿರ ರೊಕ್ಕವಿಲ್ಲ, ಬಂಗಲೆಯಿಲ್ಲ. ನಗರದ ಕೆಲಸ ನೋಡುವ ಇಂಜಿನಿಯರ್ ಅವನು. ಅಪ್ಪ ಶಾಲೆ ಮಾಸ್ತರ, ಮಕ್ಕಳನ್ನು ಮೃಗಾಲಯ ತೋರಿಸಲು ಕರೆದೊಯ್ದಾಗ ಗುಂಡಿಗೆ ಬಲಿಯಾದವನು. ಮುಂದೆ ಖಳರಾಗಬೇಕಾದ ಹಾರ್ವಿ ಡೆಂಟ್, ಆಸ್ವಾಲ್ಡ್ ಕಾಬಲ್‌ಪಾಟ್ ಎಲ್ಲ ಇಲ್ಲಿ ಜೊತೆಗೆ ಆಡಿ ಬೆಳೆದ ಗೆಳೆಯರು. ಹಳೆ ಕಥೆಯಲ್ಲಿ ಅಪ್ಪನ ಜೊತೆಗೇ ಸಾಯುವ ಅವ್ವ ಇಲ್ಲಿ ಬದುಕಿದ್ದಾಳೆ. ನನ್ನನ್ನು ಕೇಳಿದರೆ ಕೊಡಲಿಗಿಂತ ದೊಡ್ಡ ಬದಲಾವಣೆ ಇದು. ರಾತ್ರಿಯೆಲ್ಲ ಬಡಿದಾಡಿ ಮೈ ಹಣ್ಣಾಗಿ ಬಂದವನಿಗೆ ‘ಎಲ್ಲಿದ್ದ್ಯೋ, ಉಂಡ್ಯೋ ಇಲ್ಲೋ’ ಅಂತ ಕೇಳುವವರು ಮನೆಯಲ್ಲಿದ್ದರೆ ಮುಖವಾಡ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಅಂತ ರಾತ್ರಿ ಪಾಳಿ ಮಾಡಿದವರಿಗೆ ಗೊತ್ತು. ಬರೆದ ಸ್ಕಾಟ್ ಸ್ನೈಡರ್ 2011ರಿಂದ ವರ್ಷಗಟ್ಟಲೆ ಅದೇ ಶ್ರೀಮಂತ ಬ್ಯಾಟ್‌ಮನ್ ಕಥೆ ಬರೆದವರು. ತಾವೇ ಕಟ್ಟಿದ ಮನೆಯ ಸಾಮಾನೆಲ್ಲ ಹೊರಗೆ ಹಾಕಿ ಬರೆದಿದ್ದಾರೆ. ಕಥೆ ಹೇಳುವವನು ಆಲ್ಫ್ರೆಡ್, ಆದರೆ ಹಳೆ ಕಥೆಗಳ ಹಾಗೆ ಬ್ರೂಸ್ ಮನೆಯ ಬಟ್ಲರ್ ಅಲ್ಲ, ಬ್ರಿಟಿಷ್ ಗುಪ್ತಚರ. ದೂರ ನಿಂತು ನೋಡುವ ಪರಕೀಯನ ಕಣ್ಣು ಅದು. ಹಾಗಾಗಿ ಬ್ಯಾಟ್‌ಮನ್ ಮೈಗಾತ್ರ ಅತಿಯಾಯಿತು ಅನ್ನಿಸುವುದಿಲ್ಲ, ನೋಡಿದವನ ಭಯಕ್ಕೆ ತಕ್ಕಂತಿದೆ.

ನನ್ನ ಓದುವ ಪದ್ಧತಿ ಒಂದಿದೆ. ಭಾನುವಾರ ಊಟ ಆದ ಮೇಲೆ, ಕಟಿಂಗ್ ಆಯಿಲ್ ವಾಸನೆ ಹೋಗುವ ತನಕ ಕೈ ತಿಕ್ಕಿ, ಟವೆಲ್ಲಿನಿಂದ ಬೆರಳ ಸಂದಿ ಒಣಗಿಸಿ, ಆಮೇಲೆ ಪ್ಲಾಸ್ಟಿಕ್ ಚೀಲದಿಂದ ಪುಸ್ತಕ ಹೊರಗೆ. ಮೊದಲ ಸಲ ಚಿತ್ರ ಮಾತ್ರ, ಮಾತು ಓದುವುದು ಎರಡನೇ ಸಲ. ನಿಕ್ ಡ್ರಗೋಟಾ ಚಿತ್ರಕ್ಕೆ ಈ ಮರ್ಯಾದೆ ಸಲ್ಲಬೇಕು. ಸಣ್ಣ ಸಣ್ಣ ಚೌಕಗಳನ್ನು ಉಸಿರು ಕಟ್ಟುವಷ್ಟು ಒತ್ತಿ ಒತ್ತಿ ಇಟ್ಟು, ಹಾಳೆ ತಿರುವಿದ ಕೂಡಲೇ ದೊಡ್ಡ ಚಿತ್ರವೊಂದನ್ನು ಮುಖಕ್ಕೆ ಎಸೆಯುತ್ತಾರೆ. ಫ್ರಾಂಕ್ ಮಾರ್ಟಿನ್ ಬಣ್ಣ ಅದಕ್ಕೆ ಸಾಟಿ. ಮೊಬೈಲಿನಲ್ಲಿ ಓದಿದವರು ‘ಗಡಿಬಿಡಿ ಐತಿ’ ಅಂದರೆ ನಾನು ನಂಬುವುದಿಲ್ಲ. ಆ ತಿರುವು ಮೊಬೈಲಿನಲ್ಲಿ ಸಿಗುವುದೇ ಇಲ್ಲ.

ಬೆಳಗಾವಿಯಲ್ಲಿ ಮಾತ್ರ ಈ ಕಾಗದ ಕಾಪಾಡುವುದು ಒಂದು ಸಂಸಾರ. ಜೂನ್‌ನಿಂದ ಹಿಡಿದ ಮಳೆ, ಗೋಡೆಯ ಥಂಡಿ, ಕಪಾಟಿನಲ್ಲಿ ಇಟ್ಟಿದ್ದೆಲ್ಲ ಮೆತ್ತಗೆ. ಡಾಂಬರ್ ಗುಳಿಗೆ ಇಟ್ಟರೆ ಹುಳ ಬರುವುದಿಲ್ಲ ಖರೆ, ಆದರೆ ಬ್ಯಾಟ್‌ಮನ್‌ನ ಗಾಥಮ್ ನಗರವೇ ಗುಳಿಗೆ ವಾಸನೆ ಹೊಡೆಯುತ್ತದೆ. ಈಗ ಚೀಲದೊಳಗೆ ಹಿಂದೆ ರಟ್ಟು, ಟ್ರಂಕಿನಲ್ಲಿ ಅಡ್ಡ ಮಲಗಿಸಿ, ಮಳೆಗಾಲ ಮುಗಿದ ಮೇಲೆ ಒಂದು ಸಲ ನೆರಳಲ್ಲಿ ಗಾಳಿಗೆ.

ಇನ್ನು ಸಿಟ್ಟಿನ ವಿಷಯ. ಬಡ ಬ್ಯಾಟ್‌ಮನ್‌ನನ್ನು ಕೊಳ್ಳಲು ಬಡವನಿಗೆ ಆಗುವುದಿಲ್ಲ! ಮುಖಬೆಲೆ 4.99 ಡಾಲರ್, ಮೇಲೆ ತರಿಸುವ ಖರ್ಚು. ಅದೇ ಸಂಚಿಕೆಗೆ ಬೇರೆ ಬೇರೆ ಮುಖಪುಟ ಮಾಡಿ ಮತ್ತೆ ಕೊಳ್ಳಿಸುವ ಆಟ ಬೇರೆ. ನನಗೆ ಬಂದ ಪ್ರತಿಯ ಮೂಲೆ ಮಡಚಿತ್ತು. ದೂರಿದರೆ ಅಂಗಡಿಯವರು ‘ಓದೋಕೆ ಬರ್ತದಲ್ಲ’ ಅಂತ ಕೈತೊಳೆದುಕೊಂಡರು.

ಮುಂದಿನ ಸಂಚಿಕೆಗಳಿಗೆ ಹೋದಂತೆ ನನ್ನ ಲೆಕ್ಕದ ಬುದ್ಧಿ ಸುಮ್ಮನಿರಲಿಲ್ಲ. ಈತನ ಗಾಡಿ, ಬ್ಯಾಟ್‌ಮೊಬೈಲ್, ಅಂದರೆ ಗಣಿಯಲ್ಲಿ ಮಣ್ಣು ಸಾಗಿಸುವಂಥ ರಾಕ್ಷಸ ಲಾರಿ. ನೋಡಲು ಭಾರಿ ಖುಷಿ. ಆದರೆ ಡೀಸೆಲ್ ಯಾರು ಹಾಕಿಸುತ್ತಾರೆ? ಟೈರ್ ಒಂದಕ್ಕೆ ಎಷ್ಟು? ಪಗಾರದ ಮೇಲೆ ಬದುಕುವ ಮನುಷ್ಯ ಅಂತ ಮೊದಲ ಸಂಚಿಕೆಯಲ್ಲಿ ನಂಬಿಸಿ, ಆಮೇಲೆ ಬಿಲ್ ತೋರಿಸದೆ ದಾಟಿಸಿದರೆ ನನ್ನಂಥವನಿಗೆ ಗಂಟಲಲ್ಲಿ ಸಿಕ್ಕುತ್ತದೆ. ಶ್ರೀಮಂತ ಬ್ಯಾಟ್‌ಮನ್‌ಗೆ ಈ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಈತನಿಗೆ ಕೇಳಲೇಬೇಕು.

ಆದರೂ ಮೊದಲ ಸಂಚಿಕೆ ಟ್ರಂಕಿನಲ್ಲಿ ಉಳಿಯುತ್ತದೆ, ಮಾರುವುದಿಲ್ಲ. ಉಳಿದವನ್ನು ಬಿಡಿಬಿಡಿಯಾಗಿ ಕೊಳ್ಳುವುದು ನಿಲ್ಲಿಸಿದೆ. ಮೊದಲ ಆರು ಸೇರಿದ ‘ದ ಝೂ’ ಸಂಪುಟ ಬಂದಿದೆ, ಹೊಸಬರು ಅದನ್ನೇ ತರಿಸಿ. ಮನೆಯಲ್ಲಿ ಸಣ್ಣವರಿದ್ದರೆ ಎತ್ತರದಲ್ಲಿಡಿ, ಕೊಡಲಿ ಬೀಸುವ ಪುಟಗಳಲ್ಲಿ ರಕ್ತ ಕಮ್ಮಿ ಇಲ್ಲ. ನನ್ನ ಅಕ್ಕನ ಮಗನಿಗೆ ಲಾರಿ ಇರುವ ಪುಟ ಮಾತ್ರ ತೋರಿಸುತ್ತೇನೆ. ಅವನದು ಬೇರೆಯೇ ತಕರಾರು: "ಮಾಮಾ, ಇಷ್ಟ ದೊಡ್ಡ ಗಾಡಿ ನಮ್ಮ ರೇಲ್ವೆ ಗೇಟಿನ್ಯಾಗ ಹೊರಳತೈತೇನ?"