ಮೊದಲ ಎಂಡ್ಯೂರೋ ರೇಸಿಗೆ ಯಾವುದು ಸರಿ? ಸುಸ್ತಾದ ಮೇಲೆ ಓಡಿಸಿ ನೋಡಿದ ಹೋಲಿಕೆ

ಎಂಡ್ಯೂರೋ ಎಂದರೆ ಗುಡ್ಡದ ದಾರಿಯಲ್ಲಿ ನಡೆಯುವ ಮೌಂಟನ್ ಬೈಕ್ (ಸೈಕಲ್) ರೇಸು, ಅದರಲ್ಲಿ ಸಮಯ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಇಳಿಯುವಾಗ. ದಿನಕ್ಕೆ ಹೀಗೆ ಸಮಯ ಅಳೆಯುವ ನಾಲ್ಕೈದು ತುಂಡು ದಾರಿ, ಅಂದರೆ ಸ್ಟೇಜ್, ಇರುತ್ತವೆ, ಕೆಲವು ಕಡೆ ಇನ್ನೂ ಜಾಸ್ತಿ. ಒಂದನ್ನು ಮುಗಿಸಿ ಇನ್ನೊಂದರ ತುದಿಗೆ ಸಾಮಾನ್ಯವಾಗಿ ನೀವೇ ಪೆಡಲ್ ತುಳಿದು ಹತ್ತಬೇಕು. ಆ ಏರುದಾರಿಯಲ್ಲಿ ಪೈಪೋಟಿ ಇಲ್ಲ. ಆದರೆ ಹೇಳಿದ ಹೊತ್ತಿಗೆ ಮೇಲೆ ತಲುಪದಿದ್ದರೆ ಬಹಳ ಕಡೆ ದಂಡವಾಗಿ ಸಮಯ ಸೇರಿಸುತ್ತಾರೆ. ಕೊನೆಗೆ ಎಲ್ಲ ಸ್ಟೇಜುಗಳ ಸಮಯ ಕೂಡಿಸುತ್ತಾರೆ, ಕಡಿಮೆ ಬಂದವರು ಗೆದ್ದಂತೆ. 2013ರಲ್ಲಿ ಎಂಡ್ಯೂರೋ ವರ್ಲ್ಡ್ ಸೀರೀಸ್ ಶುರುವಾಯಿತು, 2023ರಿಂದ ಅದೇ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ವಿಶ್ವಕಪ್ ಆಗಿ ನಡೆಯುತ್ತಿದೆ. ಸಣ್ಣ ರೇಸುಗಳ ಲೆಕ್ಕಾಚಾರವೂ ಹೆಚ್ಚುಕಮ್ಮಿ ಇದೇ.

ಇದರಿಂದ ಒಂದು ಮಾತು ಹೊರಡುತ್ತದೆ. ಸಾಮಾನು ಚೆನ್ನಾಗಿದೆಯೋ ಇಲ್ಲವೋ ಎಂದು ಬೆಳಿಗ್ಗೆ ದಣಿಯದ ಕಾಲಲ್ಲಿ ಓಡಿಸಿ ತೀರ್ಮಾನಿಸಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಹಾಗಾಗಿ ಮೊದಲ ರೇಸಿಗೆ ಮುಂಚೆ ಹೋಲಿಸಬೇಕಾದ ಪ್ರತಿಯೊಂದು ಸಾಮಾನನ್ನೂ ಒಂದೇ ಇಳಿಜಾರಿನಲ್ಲಿ ಎರಡು ಸಲ ನೋಡಿದೆ. ಬೆಳಿಗ್ಗೆ ಒಮ್ಮೆ, ಮೂರ್ನಾಲ್ಕು ಗಂಟೆ ಹತ್ತಿ ಇಳಿದು ತೊಡೆ, ಮುಂಗೈ ಎರಡೂ ಸೋತ ಮೇಲೆ ಇನ್ನೊಮ್ಮೆ. ಈ ಹೋಲಿಕೆಯಲ್ಲಿ ಗೆದ್ದದ್ದು ಯಾವುದು ಎಂದರೆ, ಎರಡನೇ ಸಲ ಗೆದ್ದದ್ದು.

ಟೈರ್: ಹಗುರವೋ, ದಪ್ಪವೋ, ಒಳಗೆ ಫೋಮೋ?

ಅತಿ ಜಾಸ್ತಿ ಹೊತ್ತು ಕೊಟ್ಟದ್ದು ಇದಕ್ಕೆ. ಯಾಕೆಂದರೆ ಒಂದು ಪಂಕ್ಚರ್ ಆದರೆ ಇಡೀ ದಿನದ ಶ್ರಮ ಹೋಯಿತು.

29 ಇಂಚಿನ ಚಕ್ರಕ್ಕೆ 2.4 ಅಥವಾ 2.5 ಇಂಚು ಅಗಲದ ಹಗುರ ಟೈರ್ ಸುಮಾರು 1 ಕೆ.ಜಿ. ತೂಗುತ್ತದೆ. ಪಕ್ಕದ ಗೋಡೆ ದಪ್ಪ ಇರುವುದು 1.2ರಿಂದ 1.3 ಕೆ.ಜಿ. ಮ್ಯಾಕ್ಸಿಸ್ ಕಂಪನಿಯ ಟೈರುಗಳಲ್ಲಿ ಎಕ್ಸೋ, ಎಕ್ಸೋ ಪ್ಲಸ್, ಡಬಲ್‌ಡೌನ್ ಎಂದು ಗಟ್ಟಿತನ ಏರುತ್ತಾ ಹೋಗುತ್ತದೆ. ಶ್ವಾಲ್ಬೆಯಲ್ಲಿ ಸೂಪರ್ ಟ್ರೇಲ್, ಸೂಪರ್ ಗ್ರಾವಿಟಿ. ಟೈರಿನ ಪಕ್ಕದಲ್ಲಿ ಈ ಹೆಸರು ಬರೆದಿರುತ್ತದೆ, ಕೊಳ್ಳುವ ಮುಂಚೆ ಅದನ್ನು ಓದಿ. ಮೇಲಿನ ಗುಬುಟುಗಳ ವಿನ್ಯಾಸಕ್ಕಿಂತ ಇದು ಜಾಸ್ತಿ ಮುಖ್ಯ.

ಹಗುರ ಟೈರ್ ಹತ್ತುವಾಗ ಖುಷಿ ಕೊಟ್ಟಿತು, ಸುಳ್ಳಲ್ಲ. ನನ್ನ ತೂಕ 70 ಕೆ.ಜಿ. ಆಸುಪಾಸು. ಹಿಂದಿನ ಚಕ್ರಕ್ಕೆ ಗಾಳಿ 25 ಪಿಎಸ್‌ಐ ಇಟ್ಟರೆ ತಿರುವಿನಲ್ಲಿ ಟೈರ್ ಮಡಚಿಕೊಂಡಂತಾಗುತ್ತಿತ್ತು, ಚೂಪು ಕಲ್ಲಿಗೆ ರಿಮ್ ಬಡಿಯುವ ಸದ್ದು ಬರುತ್ತಿತ್ತು. ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿಯೇ ಟೈರ್ ಕತ್ತರಿಸಿಹೋಗುವುದು. ಗಾಳಿ 28ಕ್ಕೆ ಏರಿಸಿದರೆ ಸದ್ದು ನಿಂತಿತು, ಆದರೆ ಬೇರುಗಳ ಮೇಲೆ ಚಕ್ರ ಪುಟಿಯತೊಡಗಿತು. ಬೆಳಿಗ್ಗೆ ಇದೇನೂ ದೊಡ್ಡದಲ್ಲ. ಸಂಜೆಯ ಸುತ್ತಿನಲ್ಲಿ ಮಾತ್ರ ಚಕ್ರ ಹೋಗಬೇಕಾದ ಗೆರೆ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ, ಕಲ್ಲನ್ನು ಹಾರಿಸಬೇಕಾದಲ್ಲಿ ಕೈ ಎತ್ತುವುದಿಲ್ಲ, ನೇರವಾಗಿ ಬಡಿಯುತ್ತದೆ. ಸುಸ್ತಾದವನಿಗೆ ಹಗುರ ಟೈರ್ ಜೊತೆಗಾರ ಅಲ್ಲ.

ಟೈರಿನೊಳಗೆ ಫೋಮ್ ಬಳೆ ಹಾಕುವುದು ಇನ್ನೊಂದು ದಾರಿ. ಕುಶ್‌ಕೋರ್ ಥರದ್ದು. ಇಳಿಯುವಾಗ ಇದರಷ್ಟು ಮೆತ್ತಗಿನ ಓಟ ಬೇರೆ ಯಾವುದೂ ಕೊಡಲಿಲ್ಲ. ಗಾಳಿ 22–23ಕ್ಕೆ ಇಳಿಸಿದರೂ ಟೈರ್ ಅಲುಗುವುದಿಲ್ಲ. ತೊಂದರೆ ಇರುವುದು ಕಾಡಿನ ಮಧ್ಯೆ. ಈ ಟೈರುಗಳೊಳಗೆ ಟ್ಯೂಬ್ ಇರುವುದಿಲ್ಲ, ತೂತು ಮುಚ್ಚುವ ಸೀಲಂಟ್ ಎಂಬ ದ್ರವ ಇರುತ್ತದೆ. ಸಣ್ಣ ತೂತಾದರೆ ಹೊರಗಿನಿಂದಲೇ ರಬ್ಬರ್ ಪ್ಲಗ್ ಚುಚ್ಚಿ ಮುಚ್ಚಬಹುದು, ಸರಿ. ಟೈರ್ ಹರಿದು ಟ್ಯೂಬ್ ಹಾಕಬೇಕಾದರೆ? ಬಿಗಿಯಾಗಿ ಕೂತ ಟೈರನ್ನು ರಿಮ್ಮಿನಿಂದ ಬಿಡಿಸಬೇಕು, ಸೀಲಂಟ್ ಸುರಿಯುವ ಫೋಮ್ ಬಳೆಯನ್ನು ಎಳೆದು ತೆಗೆಯಬೇಕು, ಆಮೇಲೆ ಅದನ್ನು ಮೈಮೇಲೆ ಹಾಕಿಕೊಂಡು ಹೋಗಬೇಕು. ಮನೆಯಲ್ಲಿ ಆರಾಮಾಗಿ ಕೂತು ಮಾಡಿದರೂ ಬೆರಳು ನೋಯುವ ಕೆಲಸ ಅದು.

ಹಿಂದೆ ದಪ್ಪ ಗೋಡೆಯ ಟೈರ್, ಮುಂದೆ ಒಂದು ಮಟ್ಟ ಹಗುರದ್ದು, ಫೋಮ್ ಬೇಡ. ನನ್ನ ಆಯ್ಕೆ ಇದು. ದಾರಿ ತುಂಬಾ ಚೂಪು ಕಲ್ಲಿದ್ದರೆ ಹಿಂದೆ ಮಾತ್ರ ಫೋಮ್ ಹಾಕಿ, ಅದನ್ನು ತೆಗೆದು ಹಾಕುವುದನ್ನು ಮನೆಯಲ್ಲಿ ಕಲಿತುಕೊಂಡು ಹೋಗಿ. ರಬ್ಬರಿನ ವಿಷಯದಲ್ಲಿ ಮುಂದೆ ಮೆತ್ತಗಿನದು, ಹಿಂದೆ ಸ್ವಲ್ಪ ಗಟ್ಟಿಯದು. ಮೆತ್ತಗಿನ ರಬ್ಬರ್ ಹಿಂದೆ ಇದ್ದರೆ ಬೇಗ ಸವೆಯುತ್ತದೆ, ತುಳಿಯುವಾಗ ಎಳೆದು ಹಿಡಿದ ಹಾಗಾಗುತ್ತದೆ. ಮುಂದೆ ಇದ್ದರೆ ಮಾತ್ರ ದಿನದ ಕೊನೆಗೆ ಅದು ಕೊಡುವ ಭರವಸೆ ಬಹಳ ದೊಡ್ಡದು.

ಪೆಡಲ್: ಚಪ್ಪಟೆಯೋ, ಕ್ಲಿಪ್ಪೋ?

ಎಲ್ಲಿ ಮಾತು ಶುರುವಾದರೂ ಜಗಳ ಇಲ್ಲಿಗೇ ಬಂದು ನಿಲ್ಲುತ್ತದೆ. ಚಪ್ಪಟೆಯದರ ಮೇಲೆ ಪಾದ ಸುಮ್ಮನೆ ಕೂರುತ್ತದೆ, ಕ್ಲಿಪ್‌ನಲ್ಲಿ ಶೂ ಪೆಡಲಿಗೆ ಸಿಕ್ಕಿಕೊಂಡಿರುತ್ತದೆ. ಕ್ಲಿಪ್ ಇಲ್ಲದೆ ಗೆಲ್ಲಲಾಗದು ಎನ್ನುವವರಿಗೆ ಉತ್ತರ ಇದೆ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019 ಮೂರೂ ವರ್ಷ ಎಂಡ್ಯೂರೋ ವರ್ಲ್ಡ್ ಸೀರೀಸ್ ಗೆದ್ದದ್ದು ಚಪ್ಪಟೆ ಪೆಡಲ್‌ನಲ್ಲೇ. ಅಂದ ಮಾತ್ರಕ್ಕೆ ಅದೇ ಮೇಲು ಅಂತ ಆಗುವುದಿಲ್ಲ. ಆ ಮಟ್ಟದಲ್ಲಿ ಕ್ಲಿಪ್ ಬಳಸುವವರೇ ಜಾಸ್ತಿ.

ಕ್ಲಿಪ್‌ನ ದೊಡ್ಡ ಲಾಭ ಒರಟು ನೆಲದಲ್ಲಿ ಸಿಗುತ್ತದೆ. ಪಾದ ಅಲ್ಲಾಡುವುದಿಲ್ಲ, ಬೇರುಗಳ ಮೇಲೂ ತುಳಿಯುತ್ತಲೇ ಇರಬಹುದು. ಸ್ಟೇಜಿನ ನಡುವೆ ಸಣ್ಣ ಏರು ಬಂದರೆ ಇದು ಸ್ಪಷ್ಟವಾಗಿ ವೇಗ. ಚಪ್ಪಟೆ ಪೆಡಲ್‌ನಲ್ಲಿ ಹಿಮ್ಮಡಿ ಕೆಳಗಿಳಿಸಿ ಪಾದವನ್ನು ಒತ್ತಿ ಹಿಡಿಯಬೇಕು. ಮೀನಖಂಡ ಸೋತರೆ ಹಿಮ್ಮಡಿ ತಾನಾಗೇ ಮೇಲೇಳುತ್ತದೆ, ಪಾದ ಜಿಗಿಯುತ್ತದೆ. ಸಂಜೆಯ ಸುತ್ತಿನಲ್ಲಿ ಇದು ಚೆನ್ನಾಗಿ ಗೊತ್ತಾಯಿತು.

ಹಾಗಿದ್ದರೆ ಕ್ಲಿಪ್ಪೇ ಗೆದ್ದಿತಲ್ಲವೇ? ಇಲ್ಲ. ಸುಸ್ತಾದ ಕಾಲಿಗೆ ಪಾದ ತಿರುಗಿಸಿ ಬಿಡಿಸಿಕೊಳ್ಳುವುದೂ ಕಷ್ಟ. ವೇಗ ಕಡಿಮೆ ಇರುವ ಕಡಿದಾದ ತಿರುವಿನಲ್ಲಿ, ಒಂದು ಕಾಲು ನೆಲಕ್ಕೆ ಇಡಬಹುದು ಎಂಬ ಧೈರ್ಯ ಇದ್ದಾಗ ನಾನು ಬ್ರೇಕ್ ಬೇಗ ಬಿಟ್ಟೆ. ಕ್ಲಿಪ್ ಇದ್ದಾಗ ಅಲ್ಲಿ ಹಿಂಜರಿದೆ. ನಿಂತು ಮತ್ತೆ ಹೊರಡುವಾಗ, ಇಳಿಜಾರಿನಲ್ಲಿ ಕ್ಲಿಪ್ ಕೂರಿಸಲು ಹೊತ್ತು ಹೋಗುತ್ತದೆ. ಬೈಕ್ ಹೊತ್ತು ನಡೆಯುವ ಜಾಗದಲ್ಲಿ ಗಟ್ಟಿ ಅಡಿಯ ಶೂ ಬಂಡೆಯ ಮೇಲೆ ಜಾರುತ್ತದೆ. ಒಟ್ಟು ಸಮಯ ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಬಂದದ್ದು ಮನಸ್ಸಿಗೆ ಎಷ್ಟು ಭಾರ ಎಂಬುದರಲ್ಲಿ.

ಮೊದಲ ರೇಸಿಗೆ ನಾನು ಚಪ್ಪಟೆ ಪೆಡಲ್ ಆರಿಸಿಕೊಂಡೆ, ಕಾಲಿಗೆ ಮೆತ್ತಗಿನ ರಬ್ಬರ್ ಅಡಿಯ ಶೂ. ನೀವು ಮೊದಲಿನಿಂದ ಕ್ಲಿಪ್‌ನಲ್ಲೇ ಓಡಿಸುವವರಾದರೆ ದಯವಿಟ್ಟು ರೇಸಿಗಾಗಿ ಬದಲಿಸಬೇಡಿ. ಹಿಡಿತದ ಬಿಗಿಯನ್ನು ಪೆಡಲ್‌ನ ಸ್ಕ್ರೂ ತಿರುಗಿಸಿ ಸಡಿಲ ಮಾಡಿ, ಶೂ ಅಡಿಯ ಲೋಹದ ತುಂಡನ್ನು, ಅಂದರೆ ಕ್ಲೀಟನ್ನು, ಹಿಮ್ಮಡಿ ಕಡೆಗೆ ಸರಿಸಿ. ಶಿಮಾನೋ ಕಂಪನಿಯ ಎಸ್‌ಪಿಡಿ ಪೆಡಲ್ ಬಳಸುತ್ತಿದ್ದರೆ ಎಸ್‌ಎಚ್56 ಕ್ಲೀಟ್ ಹಾಕಿ ನೋಡಿ. ಎಸ್‌ಎಚ್51 ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ, 56 ಬೇರೆ ದಿಕ್ಕುಗಳಲ್ಲೂ ಬಿಡುತ್ತದೆ.

ಹೆಲ್ಮೆಟ್, ಬ್ಯಾಗು, ಬ್ರೇಕು

ಹೆಲ್ಮೆಟ್ ಮೂರು ಥರ ನೋಡಿದೆ. ತೆರೆದ ಮುಖದ್ದು, ಗದ್ದದ ಭಾಗ ಬಿಚ್ಚಿ ಹಾಕುವಂಥದ್ದು, ಹಗುರವಾದ ಪೂರ್ತಿ ಮುಖದ್ದು. ತೆರೆದದ್ದು ತಂಪು, ಆದರೆ ಹಲ್ಲು, ದವಡೆ ಬಯಲಿಗೆ. ಕೆಲವು ರೇಸುಗಳಲ್ಲಿ ಅದನ್ನು ಹಾಕಿ ಸ್ಟೇಜಿಗೆ ಬಿಡುವುದೂ ಇಲ್ಲ. ಬಿಚ್ಚುವಂಥದ್ದು ಕೇಳಲು ಚೆಂದ. ಓಡಿಸುವಾಗ ಗದ್ದದ ಭಾಗವನ್ನು ಎಲ್ಲಿ ಕಟ್ಟಿಕೊಳ್ಳುವುದು ಎಂಬುದೇ ಒಂದು ಕೆಲಸ, ಕೊಂಡಿಯಲ್ಲಿ ಮಣ್ಣು ಕೂತರೆ ಸ್ಟಾರ್ಟ್ ಹತ್ತಿರ ಕೈ ನಡುಗುತ್ತಾ ಒತ್ತಬೇಕು. ಗಾಳಿಗಂಡಿ ಜಾಸ್ತಿ ಇರುವ ಹಗುರ ಪೂರ್ತಿ ಹೆಲ್ಮೆಟ್ ನನಗೆ ಸರಿಹೋಯಿತು. ಹತ್ತುವಾಗ ಸೆಕೆ ಆಗುತ್ತದೆ, ತಡೆದುಕೊಳ್ಳಬಹುದಾದಷ್ಟು. ಒಳಗೆ ಎಎಸ್‌ಟಿಎಂ ಎಫ್1952 ಎಂಬ ಗುರುತು ಇದೆಯೇ ನೋಡಿ, ಅದು ಡೌನ್‌ಹಿಲ್ ಹೆಲ್ಮೆಟ್‌ಗಳ ಪರೀಕ್ಷೆ. ಏರುದಾರಿಯಲ್ಲಿ ಹೆಲ್ಮೆಟ್ ತೆಗೆಯಬಹುದೇ ಎಂಬುದನ್ನು ಆ ರೇಸಿನ ನಿಯಮದಲ್ಲೇ ಓದಿಕೊಳ್ಳಿ.

ಬ್ಯಾಗಿನ ತೀರ್ಪು ಸುಲಭ. ಬೆನ್ನಿನ ಬ್ಯಾಗಿನಲ್ಲಿ 2 ಲೀಟರ್ ನೀರು ಹೊತ್ತರೆ ಕಡಿದಾದ ಇಳಿಜಾರಿನಲ್ಲಿ ಅದು ಮುಂದೆ ಸರಿದು ಹೆಲ್ಮೆಟ್ಟಿನ ಹಿಂಬದಿಗೆ ತಾಗುತ್ತದೆ. ಸೊಂಟದ ಸಣ್ಣ ಬ್ಯಾಗ್ ಸಾಕು. ಟ್ಯೂಬ್, ಪಂಪು ಬೈಕಿನ ಚೌಕಟ್ಟಿಗೆ ಪಟ್ಟಿಯಿಂದ ಬಿಗಿದುಬಿಡಿ, ನೀರಿನ ಬಾಟಲಿಯೂ ಅಲ್ಲೇ. ಬ್ಯಾಗಿನಲ್ಲಿ ಇರಬೇಕಾದದ್ದು: ಪ್ಲಗ್, ಚೈನಿನ ಜೋಡಣೆ ಕೊಂಡಿ, ಹೆಚ್ಚುವರಿಯಾಗಿ ಒಂದು ಡಿರೈಲರ್ ಹ್ಯಾಂಗರ್ (ಗೇರ್ ಬದಲಿಸುವ ಹಿಂದಿನ ಭಾಗವನ್ನು ಚೌಕಟ್ಟಿಗೆ ಹಿಡಿಯುವ ತುಂಡು), ಮಲ್ಟಿಟೂಲ್. ಈ ಹ್ಯಾಂಗರ್ ಬಹಳ ಬೈಕುಗಳಲ್ಲಿ ಬೇರೆ ಬೇರೆ ಥರ, ಬೇರೆಯವರದ್ದು ನಿಮ್ಮದಕ್ಕೆ ಕೂರದೆ ಹೋಗಬಹುದು.

ಬ್ರೇಕ್ ಪ್ಯಾಡ್: ಆರ್ಗ್ಯಾನಿಕ್ (ರೆಸಿನ್ ಎಂದೂ ಕರೆಯುತ್ತಾರೆ) ಮೊದಲ ಒತ್ತಿಗೇ ಹಿಡಿಯುತ್ತದೆ, ಸದ್ದಿಲ್ಲ. ಆದರೆ ಉದ್ದ ಇಳಿಜಾರಿನ ಬಿಸಿಗೆ ಮಂಕಾಗುತ್ತದೆ, ಕೆಸರಿನಲ್ಲಿ ಬೇಗ ಸವೆಯುತ್ತದೆ. ಲೋಹದ ಪ್ಯಾಡ್ ಬಿಸಿ ತಡೆಯುತ್ತದೆ. ನನ್ನ ಮತ ಲೋಹಕ್ಕೆ. ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಲೋಹದ್ದನ್ನು ಹಾಕಬೇಡಿ. ಹೊಸ ಪ್ಯಾಡನ್ನು ಮುಂಚೆಯೇ ಹಲವು ಸಲ ವೇಗದಿಂದ ನಿಧಾನಕ್ಕೆ ಒತ್ತಿ ಪಳಗಿಸಿ.

ಏರುವ ಅಭ್ಯಾಸವೋ, ಇಳಿಯುವ ಅಭ್ಯಾಸವೋ?

ಹತ್ತುವಾಗ ಉಸಿರು ಕಟ್ಟುವಷ್ಟು ಜೋರಾಗಿ ನಾಲ್ಕು ನಿಮಿಷ, ಮತ್ತೆ ವಿಶ್ರಾಂತಿ, ಮತ್ತೆ ಜೋರು. ಇದು ಒಂದು ಬಗೆ. ಕೆಲವು ವಾರದಲ್ಲೇ ಕಾಲಿಗೆ ಕಸುವು ಬಂದದ್ದು ತಿಳಿಯಿತು. ಆದರೆ ಕೈಗೆ ಏನೂ ಬರಲಿಲ್ಲ. ಇನ್ನೊಂದು ಬಗೆ, ನಿಧಾನಕ್ಕೆ ಬಹಳ ಹೊತ್ತು ಹತ್ತಿ ಇಳಿದು, ದಿನದ ಕೊನೆಯಲ್ಲಿ ಅತಿ ಉದ್ದದ ಇಳಿಜಾರನ್ನು ಎಲ್ಲೂ ನಿಲ್ಲದೆ ಇಳಿಯುವುದು. ಮುಂಗೈ ಕಲ್ಲಾಗಿ ಬೆರಳು ಬಿಡಿಸಲಾಗದ ಸ್ಥಿತಿ ಇದೆಯಲ್ಲ, ಅದಕ್ಕೆ ಮದ್ದು ಇದೇ. ಗೆಳೆಯರ ಜೊತೆ ಹೋದಾಗ ಎರಡು ನಿಮಿಷ ಇಳಿದು ನಿಂತು ಹರಟುತ್ತೇವೆ. ರೇಸಿನ ಸ್ಟೇಜ್ ಐದು, ಎಂಟು, ಕೆಲವೊಮ್ಮೆ ಹತ್ತು ನಿಮಿಷವೂ ಇರಬಹುದು. ನಿಲ್ಲದೆ ಇಳಿಯುವುದೇ ಬೇರೆ ಕೆಲಸ. ವಾರದಲ್ಲಿ ಒಂದು ದಿನ ಮೊದಲ ಬಗೆ, ಒಂದು ದಿನ ಎರಡನೆಯದು ಮಾಡಿ. ಒಂದಕ್ಕೆ ಮಾತ್ರ ಬಿಡುವಿದ್ದರೆ ಎರಡನೆಯದು.

ಬ್ರೇಕ್ ಹಿಡಿಯನ್ನು ಹ್ಯಾಂಡಲ್ ಹತ್ತಿರಕ್ಕೆ ತಂದು ಒಂದೇ ಬೆರಳಲ್ಲಿ ಒತ್ತುವಂತೆ ಮಾಡಿಕೊಳ್ಳಿ. ಖರ್ಚಿಲ್ಲದ ಬದಲಾವಣೆ, ಆದರೆ ಕೈಗೆ ಇದು ಕೊಡುವ ಬಿಡುವು ಬಹಳ.

ದಾರಿ ಕಲಿಯುವುದು

ರೇಸಿನ ಮುಂಚಿನ ಅಭ್ಯಾಸದ ದಿನವನ್ನು ಹೇಗೆ ಕಳೆಯುವುದು? ಎಲ್ಲ ಸ್ಟೇಜನ್ನೂ ಪೂರ್ತಿ ವೇಗದಲ್ಲಿ ಇಳಿಯಬಹುದು. ಹಾಗೆ ಮಾಡಿದರೆ ಮರುದಿನಕ್ಕೆ ಕಾಲಲ್ಲಿ ಏನೂ ಉಳಿಯುವುದಿಲ್ಲ, ವೇಗದಲ್ಲಿ ಹೋಗುವಾಗ ಕಣ್ಣಿಗೆ ದಾರಿಯೂ ಸರಿಯಾಗಿ ಕೂರುವುದಿಲ್ಲ. ಬೇರೆಯವರ ಹೆಲ್ಮೆಟ್ ಕ್ಯಾಮೆರಾದ ವಿಡಿಯೋ ನೋಡಬಹುದು. ತಿರುವುಗಳ ಸಾಲು ನೆನಪಿಗೆ ಬರುತ್ತದೆ, ಅದು ಉಪಯೋಗವೇ. ಆದರೆ ವಿಡಿಯೋದಲ್ಲಿ ಕಡಿದಾದ ಇಳಿಜಾರೂ ಚಪ್ಪಟೆಯಾಗಿ ಕಾಣುತ್ತದೆ, ಅದನ್ನು ನಂಬಿ ಬ್ರೇಕ್ ಜಾಗ ಗುರುತಿಸಬೇಡಿ.

ನನಗೆ ಒದಗಿದ್ದು ಮೂರನೆಯದು. ಪ್ರತಿ ಸ್ಟೇಜ್ ಒಂದೇ ಸಲ, ಅರ್ಧ ವೇಗದಲ್ಲಿ. ಕಷ್ಟದ ಜಾಗ ಬಂದರೆ ದಾರಿಯಿಂದ ಪಕ್ಕಕ್ಕೆ ಸರಿದು ನಿಂತು, ಕೆಳಗಿನಿಂದ ಮೇಲೆ ನೋಡುವುದು. ಮೇಲಿನಿಂದ ಕಾಣದ ಸುಲಭ ಗೆರೆ ಕೆಳಗಿನಿಂದ ಎಷ್ಟೋ ಸಲ ಕಾಣುತ್ತದೆ. ಹಿಂದಿನಿಂದ ಬರುವವರಿಗೆ ಅಡ್ಡ ಆಗದಂತೆ ಬೈಕ್ ತಳ್ಳಿಕೊಂಡು ಸ್ವಲ್ಪ ಮೇಲೆ ಹೋಗಿ ಆ ತುಂಡನ್ನು ಮಾತ್ರ ಮತ್ತೆ ಇಳಿಯಿರಿ. ಹಾಗೆ ತಳ್ಳಿಕೊಂಡು ಹೋಗಲು ಬಿಡುತ್ತಾರೋ ಇಲ್ಲವೋ ಮೊದಲು ಕೇಳಿಕೊಳ್ಳಿ. ಎಲ್ಲ ತಿರುವನ್ನೂ ನೆನಪಿಡಲು ಹೋಗಬೇಡಿ. ಒಂದು ಸ್ಟೇಜಿಗೆ ಮೂರು ಗುರುತು ಸಾಕು: ಎಲ್ಲಿ ಅಪಾಯ, ಎಲ್ಲಿ ಏರು ಬರುತ್ತದೆ ಎಂದು ಮುಂಚೆಯೇ ಗೇರ್ ಇಳಿಸಬೇಕು, ಎಲ್ಲಿ ಬ್ರೇಕ್ ಪೂರ್ತಿ ಬಿಡಬಹುದು. ಬರೆದು ಸೊಂಟದ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಹತ್ತುವ ದಾರಿಯಲ್ಲಿ ಓದಿಕೊಳ್ಳಲು ಬೇಕಾದಷ್ಟು ಹೊತ್ತಿರುತ್ತದೆ.

ಇನ್ನು ಮೊದಲ ಸ್ಟೇಜನ್ನು ಪೂರ್ತಿ ಜೋರಾಗಿ ಇಳಿಯುವುದೋ, ಸ್ವಲ್ಪ ಹಿಡಿದೋ? ಅಭ್ಯಾಸದ ಸುತ್ತುಗಳಲ್ಲಿ ಎರಡನ್ನೂ ಮಾಡಿ ನೋಡಿದೆ. ಜೋರಾಗಿ ಹೋದಾಗ ಮೊದಲ ಇಳಿಜಾರಿನಲ್ಲಿ ಗಳಿಸಿದ ಕೆಲವೇ ಸೆಕೆಂಡುಗಳನ್ನು ಕೊನೆಯದರಲ್ಲಿ ಎಷ್ಟೋ ಪಟ್ಟು ಕಳೆದುಕೊಂಡೆ. ಹಿಡಿದು ಹೋದಾಗ ಎಲ್ಲವೂ ಹೆಚ್ಚುಕಮ್ಮಿ ಒಂದೇ ಸಮಕ್ಕೆ ಬಂದವು, ಒಟ್ಟು ಸಮಯವೂ ಕಡಿಮೆ. ಹಿಡಿಯುವುದು ಎಂದರೆ ಬ್ರೇಕ್ ಒತ್ತಿಕೊಂಡೇ ಇರುವುದಲ್ಲ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ, ತಿರುವಿನೊಳಗೆ ಬಿಟ್ಟು, ಆಚೆ ಬಂದ ಮೇಲೆ ಅಗತ್ಯ ಇದ್ದರೆ ಮಾತ್ರ ತುಳಿಯುವುದು. ಹಿಂದಿನಿಂದ ಯಾರಾದರೂ ವೇಗವಾಗಿ ಬಂದರೆ ಅಗಲ ಇರುವ ಮೊದಲ ಜಾಗದಲ್ಲೇ ದಾರಿ ಬಿಟ್ಟುಕೊಡಿ. ಅದಕ್ಕೆ ಹೋಗುವುದು ಒಂದೆರಡು ಸೆಕೆಂಡ್, ಅವರನ್ನು ಹಿಂದೆ ಇಟ್ಟುಕೊಂಡು ಗಾಬರಿಯಲ್ಲಿ ಇಳಿದರೆ ಹೋಗುವುದು ಅದಕ್ಕಿಂತ ಜಾಸ್ತಿ.